ನೀರು ನಿಂತರೆ ಎಚ್ಚರಾಗುವ ಮನೆ

ನಮ್ಮ ಮನೆಯಲ್ಲಿ ಹಿತ್ತಿಲ ಕಡೆ, ಬಚ್ಚಲಿಗೆ ತಾಗಿದ ಕಲ್ಲುತೊಟ್ಟಿಗೆ ಹಗಲೂ ರಾತ್ರಿ ನೀರು ಬೀಳುತ್ತಿರುತ್ತದೆ. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುವ ನೀರು. ಅಬ್ಬಿ ನೀರು ಅನ್ನುತ್ತೇವೆ. ಹುಟ್ಟಿದಾಗಿನಿಂದ ಕಿವಿಯಲ್ಲೇ ಇರುವ ಸದ್ದಾದ್ದರಿಂದ ಅದು ನಮಗೆ ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಕೇಳಿಸುತ್ತದೆ. ನಡುರಾತ್ರಿ ಎರಡು ಗಂಟೆಗೆ ನೀರು ನಿಂತರೂ ಅಪ್ಪಯ್ಯ ಹಾಸಿಗೆಯಲ್ಲಿ ಎದ್ದು ಕೂರುತ್ತಾನೆ. ಆಯಿ ಮಗ್ಗುಲು ಬದಲಿಸಿ, "ನೀರು ನಿಂತ್ಹೋತು" ಅನ್ನುತ್ತಾಳೆ. ಕೊಟ್ಟಿಗೆಯಲ್ಲಿ ದನ ಕೂಡ ಒಮ್ಮೆ ಕೊರಳ ಗಂಟೆ ಅಲ್ಲಾಡಿಸುತ್ತದೆ. ಇದು ನನ್ನ ಭ್ರಮೆಯೂ ಇರಬಹುದು.

ಧಾರವಾಡದಿಂದ ನಾನು ಮನೆಗೆ ಬಂದ ಮೊದಲ ವಾರದಲ್ಲೇ ಒಂದು ರಾತ್ರಿ ನೀರು ನಿಂತಿತ್ತು. ನನಗೆ ಎಚ್ಚರವೇ ಆಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪಯ್ಯ ಕತ್ತಿ ಹಿಡಿದು, ಮಂಡಿಗೆ ಬಟ್ಟೆ ಸುತ್ತಿಕೊಂಡು, ಗುಡ್ಡದ ಕಡೆ ಹೊರಟು ನಿಂತಿದ್ದ. ಮಂಡಿ ಸವೆದಿದೆ, ಏರು ಹತ್ತಬೇಡಿ ಅಂತ ಡಾಕ್ಟರು ಹೇಳಿ ಆಗಲೇ ಆರು ತಿಂಗಳಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. "ಪರೀಕ್ಷೆ ಹತ್ರ ಬಂದಿತ್ತು, ಸುಮ್ನೆ ತಲೆಬಿಸಿ ಎಂತಕ್ಕೆ" ಎಂದಳು ಆಯಿ. ಕತ್ತಿಯನ್ನು ಅಪ್ಪಯ್ಯನ ಕೈಯಿಂದ ತೆಗೆದುಕೊಂಡೆ. ಹಾಗೆ ಶುರುವಾದದ್ದು ನನ್ನ ಕೆಲಸ. ಸಂಬಳವಿಲ್ಲದ್ದು, ರಜೆಯಿಲ್ಲದ್ದು, ಅರ್ಜಿ ಹಾಕದೆಯೇ ಸಿಕ್ಕಿದ್ದು.

ನಮ್ಮ ಮನೆ ಇರುವುದು ಶಿರಸಿ ಮತ್ತು ಸಿದ್ದಾಪುರದ ನಡುವೆ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಕೆಳಗೆ ಅಡಿಕೆ ತೋಟ, ನಡುವೆ ಮನೆ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಳಸಿಕೊಳ್ಳುವ ಹಕ್ಕು ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು, ದರಕು, ಒಣಕಟ್ಟಿಗೆ ಅಲ್ಲಿಂದಲೇ. ಹಾಗಾಗಿ ನಮ್ಮ ಹಿತ್ತಿಲು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಮಂಗಗಳಿಗಂತೂ ಆ ಗೆರೆ ಯಾವತ್ತೂ ಗೊತ್ತಿಲ್ಲ.

ನಾನು ಎಂ.ಕಾಂ. ಮುಗಿಸಿ ಧಾರವಾಡದ ಸಪ್ತಾಪುರದ ಪಿಜಿಯೊಂದರಲ್ಲಿ ಎರಡು ವರ್ಷ ಕೂತು ಓದಿದವಳು. ಅಲ್ಲಿ ಇದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬೆಳಿಗ್ಗೆ ಐದಕ್ಕೇ ಲೈಬ್ರರಿ ಕುರ್ಚಿಗೆ ಪುಸ್ತಕ ಇಟ್ಟು ಜಾಗ ಹಿಡಿಯುವುದು, ಒಂದೇ ಗೈಡನ್ನು ಮೂವರು ಹಂಚಿಕೊಳ್ಳುವುದು, ಕೀ ಆನ್ಸರ್ ಬಂದ ದಿನ ಊಟ ಬಿಡುವುದು. ಎರಡನೇ ಸಲ ಒಂದೂವರೆ ಅಂಕದಲ್ಲಿ ಹೋಯಿತು. ಮೂರನೇ ಪರೀಕ್ಷೆಯ ದಿನಾಂಕ ಮುಂದೆ ಹೋಗುತ್ತಲೇ ಇತ್ತು. ಪಿಜಿ ಬಾಡಿಗೆಗೆ ಅಪ್ಪಯ್ಯ ಪ್ರತಿ ತಿಂಗಳು ಹಣ ಹಾಕುವಾಗ ನನಗೆ ಬರುವ ಮೆಸೇಜಿನ ಶಬ್ದ ಕೇಳಿದರೇ ಹೊಟ್ಟೆ ತೊಳಸಿದಂತಾಗುತ್ತಿತ್ತು. ಒಂದು ವಾರ ಮನೆಯಲ್ಲಿದ್ದು ಬರುತ್ತೇನೆ ಅಂತ ಅಕ್ಟೋಬರ್‌ನಲ್ಲಿ ಬಸ್ಸು ಹತ್ತಿದವಳು ಹದಿನಾಲ್ಕು ತಿಂಗಳು ಇದ್ದೆ.

ಗೆಳತಿಯರಿಗೆ ಅದು ಸ್ವರ್ಗದಂತೆ ಕಂಡಿತು. ಅಟ್ಟದ ಕಿಟಕಿಯಿಂದ ತೆಗೆದ ಒಂದು ಮಂಜಿನ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದೇ ತಡ, "ಏ, ಹೋಂಸ್ಟೇ ಮಾಡು" ಅಂತ ನಾಲ್ವರು ಬರೆದರು. ಆ ಫೋಟೊ ಕಳಿಸಲು ನಾನು ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಹಾಸುಬಂಡೆ ಹತ್ತಿ ನಿಂತಿದ್ದೆ, ಕಾಲಿನಲ್ಲಿ ಮೂರು ಉಂಬಳ ಇದ್ದವು ಎಂಬುದು ಸ್ಟೇಟಸ್‌ನಲ್ಲಿ ಬಂದಿರಲಿಲ್ಲ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಆ ಬಂಡೆಯ ಮೇಲೆ ಮಾತ್ರ. ಅದೂ ಬಂಡೆಯ ಎಡತುದಿಯಲ್ಲಿ.

ನೀರಿನ ದಾರಿಯ ಬಗ್ಗೆ ಹೇಳಬೇಕು. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ, ಒಳಗಿನ ತಿರುಳು ತೆಗೆದು, ಆ ದಬ್ಬೆಗಳನ್ನು ಒಂದರ ಬಾಯಿಗೆ ಒಂದು ಜೋಡಿಸಿ, ಕವಲುಗೂಟ ಕೊಟ್ಟು ಒರತೆಯಿಂದ ಮನೆಯವರೆಗೆ ನೀರು ತರುತ್ತಿದ್ದರಂತೆ. ಈಗ ಕರೀ ಪ್ಲಾಸ್ಟಿಕ್ ಪೈಪು. ಸುಮಾರು ಎಂಟುನೂರು ಮೀಟರ್ ಇದೆ, ಐದು ಜಾಯಿಂಟು. ಪ್ರತಿ ಜಾಯಿಂಟಿಗೂ ಹಳೇ ಸೈಕಲ್ ಟ್ಯೂಬು ಕತ್ತರಿಸಿದ ರಬ್ಬರಿನ ಪಟ್ಟಿ ಬಿಗಿದು ಸುತ್ತಿದೆ. ಪೈಪಿನ ತುದಿಗೆ ಬೆಂಕಿಯ ಬಿಸಿ ತಾಗಿಸಿ ಮೆತ್ತಗೆ ಮಾಡಿ ಒಂದರೊಳಗೊಂದು ತೂರಿಸುವುದು, ಆರುವ ಮೊದಲು ರಬ್ಬರು ಎಳೆದು ಕಟ್ಟುವುದು ನನಗೆ ಕೈಹಿಡಿಯಲು ಒಂದು ತಿಂಗಳು ಬೇಕಾಯಿತು. ಎರಡು ಸಲ ಬೆರಳು ಸುಟ್ಟುಕೊಂಡೆ.

ನೀರು ನಿಲ್ಲಲು ಕಾರಣಗಳು ಬೇಕಾದಷ್ಟು. ಪೈಪಿನ ಬಾಯಿಗೆ ಕಟ್ಟಿದ ನೈಲಾನ್ ಬಲೆಗೆ ದರಕು ಕೊಳೆತು ಅಂಟಿಕೊಂಡಿರುತ್ತದೆ. ಏಡಿಯೊಂದು ಬಲೆ ಹರಿದು ಒಳಗೆ ಹೊಕ್ಕು ಕೂತಿರುತ್ತದೆ. ಕಾಡುಹಂದಿ ಗಡ್ಡೆಗಾಗಿ ನೆಲ ಉತ್ತಿರುತ್ತದೆ, ಪೈಪು ಅದರ ಮೂತಿಗೆ ಅಡ್ಡ ಸಿಕ್ಕಿರುತ್ತದೆ. ಒಮ್ಮೆ ಕಾಡೆಮ್ಮೆ ಮೆಟ್ಟಿ ಜಾಯಿಂಟು ಬಿಚ್ಚಿಕೊಂಡಿತ್ತು. ಹೆಜ್ಜೆಗುರುತು ನನ್ನ ಅಂಗೈ ಬಿಡಿಸಿಟ್ಟಷ್ಟು ಅಗಲ, ಅದರಲ್ಲಿ ನೀರು ತುಂಬಿ ಗೊದಮೊಟ್ಟೆ ಇದ್ದಂತೆ ನೆನಪು. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದೇ ಇರುವುದು ಗಾಳಿ. ಒರತೆಯಲ್ಲಿ ನೀರು ತುಸು ಇಳಿದು ಪೈಪಿನ ಬಾಯಿ ಅರ್ಧ ಹೊರಗೆ ಬಂತೋ, ಒಳಗೆ ಗಾಳಿ ಹೊಕ್ಕಿತು ಅಂತಲೇ. ಅದು ಹೋಗಿ ಪೈಪು ಉಬ್ಬಿರುವ ಜಾಗದಲ್ಲಿ ನಿಲ್ಲುತ್ತದೆ. ಮೇಲೆ ನೀರಿದೆ, ಕೆಳಗೆ ಪೈಪು ಸರಿಯಿದೆ, ಆದರೂ ತೊಟ್ಟಿಗೆ ಹನಿ ಬರುವುದಿಲ್ಲ. ಮೂರನೇ ಜಾಯಿಂಟು ಬಿಚ್ಚಿ, ಬಾಯಿ ಇಟ್ಟು ಜೋರಾಗಿ ಎಳೆಯಬೇಕು. ಕೆನ್ನೆ ನೋಯುತ್ತದೆ, ತಲೆ ಸುತ್ತುತ್ತದೆ. ಆಮೇಲೆ ದೂರದಲ್ಲೆಲ್ಲೋ ಗೊರಗೊರ ಅನ್ನುತ್ತದೆ, ಸುಸ್ಸ್ ಅಂತ ಗಾಳಿ ಮುಖಕ್ಕೆ ಬಡಿಯುತ್ತದೆ, ಅದರ ಬೆನ್ನಿಗೇ ತಣ್ಣನೆ ನೀರು. ಬಾಯಲ್ಲಿ ಮಣ್ಣಿನ ರುಚಿ. ಯಾವ ಪರೀಕ್ಷೆಯ ಫಲಿತಾಂಶವೂ ಅಷ್ಟು ಬೇಗ ಬಂದದ್ದು ನನಗೆ ಗೊತ್ತಿಲ್ಲ.

ಮೊದಮೊದಲು ನೀರು ನಿಂತರೆ ಮಾತ್ರ ಹತ್ತುತ್ತಿದ್ದೆ. ಆಮೇಲೆ ದಿನಾ ಹೋಗತೊಡಗಿದೆ. ಮೇಲೆ ಹೋಗಿ ಬಲೆ ಒರೆಸಿ ಬಂದರೆ ನೀರು ನಿಲ್ಲುವುದೇ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ಇಪ್ಪತ್ತೈದು ನಿಮಿಷದ ಏರಿನಲ್ಲಿ ಯಾರೂ ನನ್ನನ್ನು "ಮುಂದೆಂತ?" ಅಂತ ಕೇಳುತ್ತಿರಲಿಲ್ಲ. ಮದುವೆಮನೆ, ಸೊಸೈಟಿ, ಬಸ್‌ಸ್ಟ್ಯಾಂಡು, ಎಲ್ಲೇ ಹೋದರೂ ಕೇಳುವ ಪ್ರಶ್ನೆ ಅದೊಂದೇ. ಕೆಲಸ ಹುಡುಕುತ್ತಿರುವ ನಿಮಗೆಲ್ಲ ಗೊತ್ತೇ ಇದೆ, ಕೇಳುವವರು ಕೆಟ್ಟವರಲ್ಲ, ಆದರೆ ಉತ್ತರ ನಮ್ಮ ಕೈಯಲ್ಲಿರುವುದಿಲ್ಲ. ಮಂಗಟ್ಟೆ ಹಕ್ಕಿ ಏನೂ ಕೇಳುವುದಿಲ್ಲ. ನಾಲ್ಕನೇ ಜಾಯಿಂಟಿನ ಹತ್ತಿರದ ದೊಡ್ಡ ಮರದ ಪೊಟರೆಯಲ್ಲಿ ಆ ಬೇಸಿಗೆ ಮಂಗಟ್ಟೆ ಗೂಡು ಮಾಡಿತ್ತು. ಹೆಣ್ಣು ಪೊಟರೆಯೊಳಗೆ ಹೊಕ್ಕು, ಕೊಕ್ಕು ಹೊರಬರುವಷ್ಟು ಸೀಳು ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಮೊಟ್ಟೆ ಇಟ್ಟು ಮರಿಯಾಗಿ ಬೆಳೆಯುವ ತನಕ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತಿರಬೇಕು. ವಾರಗಟ್ಟಲೆ ಒಳಗೇ. ಅದನ್ನು ನೋಡುವಾಗೆಲ್ಲ ನನಗೆ ಸಪ್ತಾಪುರದ ಕೋಣೆ, ಬಾಗಿಲ ಸಂದಿಯಲ್ಲಿ ಬರುತ್ತಿದ್ದ ಊಟದ ಡಬ್ಬಿ ನೆನಪಾಗಿ ನಗು ಬರುತ್ತಿತ್ತು.

ಓದು ಬಿಟ್ಟಿರಲಿಲ್ಲ. ಅಟ್ಟದ ಮೇಲೆ, ಅಡಿಕೆ ಚೀಲಗಳ ನಡುವೆ ಮೇಜು ಹಾಕಿಕೊಂಡಿದ್ದೆ. ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಪ್ರಚಲಿತ ವಿದ್ಯಮಾನ ನನಗೆ ಯಾವಾಗಲೂ ಅರ್ಧ ದಿನ ತಡ. ಒಂದು ಸಂಜೆ ಗೈಡಿನಿಂದ ಜೋರಾಗಿ ಓದುತ್ತಿದ್ದೆ: ಅಪ್ಪಿಕೋ ಚಳವಳಿ ಆರಂಭವಾದ ವರ್ಷ? ಉತ್ತರ 1983. ಕೆಳಗಿನಿಂದ ಅಪ್ಪಯ್ಯ, "ಸೆಪ್ಟೆಂಬರ್" ಅಂದ. ಇಳಿದು ಬಂದೆ. ಆಗ ಅವನಿಗೆ ಹದಿನೈದು ವರ್ಷ. ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತ ಸುದ್ದಿ ಬಂದಾಗ ಶಾಲೆ ತಪ್ಪಿಸಿ ಮಾವನ ಸೈಕಲ್ ಹಿಂದೆ ಕೂತು ಹೋಗಿದ್ದನಂತೆ. "ಜನ ಎಂತಕ್ಕೆ ಹೋದ ಗೊತ್ತಿದ್ದಾ? ಮರ ಹೋದ್ರೆ ಅಬ್ಬಿ ನಿಲ್ತು ಹೇಳಿ." ಒಂದು ಅಂಕದ ಪ್ರಶ್ನೆ. ನಾನದಕ್ಕೆ ನಾಲ್ಕು ಆಯ್ಕೆಗಳಿರುವ ವಾಕ್ಯ ಅಂತ ತಿಳಿದಿದ್ದೆ.

ಜನವರಿ ಬಂದರೆ ನಮ್ಮ ಕಡೆ ಕಾಡಿಗೆ ಹೋಗುವವರ ಮೈಯಲ್ಲೆಲ್ಲ ಒಂದು ಬಗೆಯ ಎಣ್ಣೆಯ ವಾಸನೆ. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ, ಕಾಡಿನ ಉಣ್ಣಿಗಳಿಂದ ಹರಡುತ್ತದೆ. ಮಂಗ ಸತ್ತುಬಿದ್ದರೆ ಅದರ ಮೈಮೇಲಿನ ಉಣ್ಣಿಗಳೆಲ್ಲ ಸುತ್ತಲಿನ ದರಕಿಗೆ ಇಳಿಯುತ್ತವೆ. ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಅಪ್ಪಯ್ಯನ ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ ಹೋಗುತ್ತಿದ್ದೆ. ಬಂದ ಮೇಲೆ ಬಟ್ಟೆಯೆಲ್ಲ ಬಿಸಿನೀರಿಗೆ. ಆಯಿ ಬಚ್ಚಲಲ್ಲಿ ನನ್ನ ಬೆನ್ನು, ಕಿವಿಯ ಹಿಂದೆಲ್ಲ ಟಾರ್ಚು ಬಿಟ್ಟು ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಹೇನು ಹೆಕ್ಕುತ್ತಿದ್ದ ಹಾಗೆ.

ಫೆಬ್ರವರಿಯ ಒಂದು ಬೆಳಿಗ್ಗೆ ಎರಡನೇ ಜಾಯಿಂಟಿನ ಹತ್ತಿರ ಕೆಟ್ಟ ವಾಸನೆ ಬಂತು. ಹತ್ತು ಹೆಜ್ಜೆ ಮುಂದೆ ಮಂಗ ಸತ್ತುಬಿದ್ದಿತ್ತು. ಬೆನ್ನು ತಿರುಗಿಸಿ ಓಡಿದೆ. ಬಂಡೆ ಹತ್ತಿ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಅವರು ಬಂದು ಮಾಡುವುದನ್ನೆಲ್ಲ ಮಾಡಿದರು, ಆ ಕಡೆ ಸ್ವಲ್ಪ ದಿನ ಯಾರೂ ಹೋಗಬೇಡಿ ಎಂದರು. ಮೂರನೇ ದಿನ ನೀರು ನಿಂತಿತು. ತೋಟದಲ್ಲಿ ಬಾವಿ ಇದೆ, ಆದರೆ ಆ ವಾರವೇ ಪಂಪು ಸುಟ್ಟುಕೊಂಡಿತ್ತು. ತೋಟದಿಂದ ಮನೆಗೆ ಅರವತ್ತು ಮೆಟ್ಟಿಲು. ಕುಡಿಯಲು, ಅಡಿಗೆಗೆ, ದನಕ್ಕೆ, ಬಚ್ಚಲಿಗೆ, ಹತ್ತೂ ಬೆರಳಿಗೆ ಸಾಲದಷ್ಟು ಕೊಡ. ನಾನು ಎರಡು ಕೊಡ ಹೊತ್ತು ಏದುಸಿರು ಬಿಡುವಾಗ ಆಯಿ ನಾಲ್ಕನೆಯದಕ್ಕೆ ಇಳಿಯುತ್ತಿದ್ದಳು. ಹದಿನೈದು ದಿನ ಹೀಗೇ ನಡೆಯಿತು. ರಾತ್ರಿ ಮನೆ ನಿಶ್ಶಬ್ದ. ನಮಗೆ ಮೂವರಿಗೂ ನಿದ್ದೆ ಇಲ್ಲ. ಆ ಹದಿನೈದು ದಿನಗಳಲ್ಲೇ ನನ್ನ ಕಿವಿ ಸರಿಯಾದದ್ದು ಅನ್ನಿಸುತ್ತದೆ. ಮತ್ತೆ ನೀರು ಬಂದ ಮೇಲೆ, ತೊಟ್ಟಿಯ ಸದ್ದು ಒಂದಿಷ್ಟು ತೆಳ್ಳಗಾದರೂ ಅಟ್ಟದ ಮೇಲೆ ಕೂತಲ್ಲಿಗೇ ಗೊತ್ತಾಗತೊಡಗಿತು.

ಮೇ ತಿಂಗಳಲ್ಲಿ ಒರತೆ ದಾರದೆಳೆಯಷ್ಟಾಯಿತು. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಒಂದು ಕೊಡ ತುಂಬಲು ಎಷ್ಟು ಹೊತ್ತು ಅಂತ ಬರೆದಿಡುತ್ತಿದ್ದೆ. ನವೆಂಬರಿನಲ್ಲಿ ಅರ್ಧ ನಿಮಿಷ. ಮಾರ್ಚಿನಲ್ಲಿ ಮೂರು. ಮೇ 20ಕ್ಕೆ ಹನ್ನೊಂದು. ಅಪ್ಪಯ್ಯ ಪುಸ್ತಕ ನೋಡಿ ಏನೂ ಹೇಳಲಿಲ್ಲ. ಅವನ ಬಾಲ್ಯದ ಮೇ ತಿಂಗಳಲ್ಲಿ ದಬ್ಬೆಯಿಂದ ಹೆಬ್ಬೆರಳು ಗಾತ್ರದ ನೀರು ಬೀಳುತ್ತಿತ್ತು ಅಂತ ಅದಕ್ಕೂ ಮೊದಲು ಹೇಳಿದ್ದ. ಮೇ ಕೊನೆಯಲ್ಲಿ ಒರತೆಯ ಬಳಿ ಬೆಳಗಿನ ಜಾವ ಯಾರೋ ಶಿಳ್ಳೆ ಹಾಕಿದಂತೆ ಕೇಳಿಸಿತು. ರಾಗ ಮರೆತ ಹುಡುಗನೊಬ್ಬ ಅಲ್ಲಿಷ್ಟು ಇಲ್ಲಿಷ್ಟು ನೆನಪು ಮಾಡಿಕೊಂಡು ಶಿಳ್ಳೆ ಹಾಕುವ ಹಾಗೆ. ಅದು ಹಕ್ಕಿ, ಮೈಯೆಲ್ಲ ನೀಲಿ ಕಪ್ಪು, ನೀರಿರುವ ಕಲ್ಲುಕೊರಕಲಿನಲ್ಲೇ ಇರುತ್ತದೆ. ಮಳೆಗಾಲ ಹತ್ತಿರವಾದಂತೆ ಅದರ ಶಿಳ್ಳೆ ಜೋರು. ಆಯಿ ಆ ದಿನವೇ ಕಟ್ಟಿಗೆಯನ್ನು ಒಳಗೆ ಸಾಗಿಸಲು ಶುರುಮಾಡಿದಳು. ಹವಾಮಾನ ಇಲಾಖೆಯ ಮುನ್ಸೂಚನೆ ಬಂದದ್ದು ಮರುದಿನದ ಪೇಪರಿನಲ್ಲಿ, ಅಂದರೆ ನಮಗೆ ಮರುದಿನ ಮಧ್ಯಾಹ್ನ.

ಮಳೆಗಾಲದ ಬಗ್ಗೆ ಎಷ್ಟು ಬರೆದರೂ ಅದು ಓದುವವರಿಗೆ ಚಂದವಾಗಿಯೇ ಕಾಣುತ್ತದೆ. ಹಾಗಾಗಿ ಎರಡೇ ಮಾತು. ಕರೆಂಟು ಹೋದರೆ ನಾಲ್ಕು ದಿನ. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಆದ್ದರಿಂದ ನನ್ನ ಹಾಲ್‌ಟಿಕೆಟ್‌ಗೆ ಕೂಡ ಹೊಗೆಯ ವಾಸನೆ ಇತ್ತು. ಆಗಸ್ಟ್‌ನಲ್ಲಿ ಅಂತೂ ಇಂತೂ ಮೂರನೇ ಪರೀಕ್ಷೆ ನಡೆದು, ಬರೆದು ಬಂದೆ. ಅದೇ ವಾರ ತೋಟಕ್ಕೆ ಕೊಳೆ ರೋಗ ಬಿದ್ದಿತು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಆ ನೀರೂ ಅಬ್ಬಿಯದೇ. ಮರ ಹತ್ತಿ ಔಷಧಿ ಹೊಡೆಯುವವರು ಸಿಗುವ ಹೊತ್ತಿಗೆ ಕಾಲುಭಾಗ ಅಡಿಕೆ ನೆಲದಲ್ಲಿತ್ತು.

ನಮ್ಮ ಮನೆಯಿಂದ ಸ್ವಲ್ಪ ಮೇಲೆ ಇನ್ನೊಂದು ಮನೆ ಇದೆ. ಇತ್ತು ಅನ್ನಬೇಕೇನೋ. ಮೇಲಿನ ಮನೆ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಾಯಿಯನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಅವನದು ತಪ್ಪು ಅಂತ ನಾನು ಹೇಳಲಾರೆ. ಎಂಬತ್ತು ವರ್ಷದ ಹೆಂಗಸು ಒಬ್ಬಳೇ ಈ ಕಾಡಿನಲ್ಲಿ ಹೇಗಿರುತ್ತಾಳೆ? ಬೀಗ ಹಾಕಿದ ಮನೆಯನ್ನು ಕಾಡು ಹೇಗೆ ತೆಗೆದುಕೊಳ್ಳುತ್ತದೆ ಅಂತ ನೀರಿನ ದಾರಿಯಲ್ಲಿ ಹೋಗುವಾಗ ದಿನಾ ನೋಡಿದೆ. ಮೊದಲು ಅವರ ಪೈಪಿನ ನೀರು ನಿಂತಿತು, ಯಾರೂ ಹತ್ತಿ ಹೋಗಲಿಲ್ಲ. ಒಲೆ ಉರಿಯದೆ ಹೊಗೆ ಇಲ್ಲವಾಯಿತು. ಹೊಗೆ ಇಲ್ಲದ ಮಾಡಿಗೆ ವರಲೆ ಹತ್ತಿತು. ಮಂಗಗಳು ನಾಲ್ಕು ಹೆಂಚು ಸರಿಸಿದವು. ಹೆಂಚು ಸರಿದ ಜಾಗದಲ್ಲಿ ಮಳೆ ನೇರ ಮಣ್ಣಿನ ಗೋಡೆಯ ಮೇಲೆ ಸುರಿಯಿತು. ಎರಡನೇ ಮಳೆಗಾಲಕ್ಕೆ ಅಡಿಗೆಮನೆಯ ಗೋಡೆ ಕೂತಿತು. ಈಗ ತುಳಸಿಕಟ್ಟೆಯ ಸುತ್ತ ಮನುಷ್ಯನೆತ್ತರ ಗಿಡ. ಬಾಗಿಲಿಗೆ ಮಾತ್ರ ಬೀಗ ಗಟ್ಟಿಯಾಗಿದೆ.

ನವೆಂಬರಿನಲ್ಲಿ ಆಯ್ಕೆಪಟ್ಟಿ ಬಂತು. ಬಂಡೆಯ ಎಡತುದಿಯಲ್ಲಿ ನಿಂತು ಪಿಡಿಎಫ್ ತೆರೆಯುವುದನ್ನೇ ಕಾಯ್ದೆ. ನನ್ನ ನಂಬರು ಇತ್ತು. ಮೂರು ಸಲ ನೋಡಿದೆ. ಕುಣಿಯಬೇಕಿತ್ತು, ಆದರೆ ಬಂಡೆ ಪಾಚಿಗಟ್ಟಿತ್ತು. ಮನೆಗೆ ಓಡುವಾಗ ಕಿವಿ ತನ್ನಷ್ಟಕ್ಕೇ ತೊಟ್ಟಿಯ ಸದ್ದು ಹುಡುಕುತ್ತಿತ್ತು. ನೀರು ಬೀಳುತ್ತಿತ್ತು. ಆಗ ಹೊಳೆಯಿತು, ನಾನು ಹೋದ ಮೇಲೆ ಇದು ನಿಂತರೆ?

ಅಪ್ಪಯ್ಯ ಅತ್ತ. ನಾನು ಅವನು ಅತ್ತದ್ದು ನೋಡಿದ್ದು ಅದೇ ಮೊದಲು. ಆಯಿ ತೆಳ್ಳೇವು ಎರೆದಳು, ಜೋನಿಬೆಲ್ಲ ಹಾಕಿದಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯನೇ ಮಾತು ತೆಗೆದ. ಪಂಪು ರಿಪೇರಿಯಾಗಿದೆ, ಸೋಲಾರ್ ಹಾಕಿಸಿದರಾಯಿತು, ನೀರಿನ ಚಿಂತೆ ಬೇಡ. ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಕಾಣದ ಮನೆಗೆ ಸೋಲಾರ್! ನಾನು ಹೇಳಲಿಲ್ಲ. ಅವನಿಗೂ ಗೊತ್ತಿತ್ತು. "ಎರಡು ದಿನಕ್ಕೊಮ್ಮೆ ಆನೇ ನಿಧಾನ ಹತ್ತಿ ಬತ್ತಿ" ಅಂತ ಅವನು ಹೇಳುತ್ತಿದ್ದಾಗ ಆಯಿ ಮಜ್ಜಿಗೆ ಬಡಿಸುತ್ತಿದ್ದವಳು ನಿಂತು, "ಆ ಒರತೆ ಎಲ್ಲಿದ್ದು?" ಎಂದಳು.

ನಮಗೆ ಇಬ್ಬರಿಗೂ ಪ್ರಶ್ನೆಯೇ ತಕ್ಷಣ ಅರ್ಥವಾಗಲಿಲ್ಲ. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಆ ನೀರಿನಲ್ಲೇ ಅನ್ನ ಮಾಡಿದ್ದಾಳೆ, ಬಾಣಂತನದ ಸ್ನಾನ ಮಾಡಿದ್ದಾಳೆ, ಅಜ್ಜಿಯ ಕೊನೆಯ ಬಾಯಿಗೆ ಬಿಟ್ಟಿದ್ದೂ ಅದೇ ನೀರು. "ಆನು ಒಂದಿನನೂ ನೋಡಿದ್ನಿಲ್ಲೆ" ಎಂದಳು, ಬೇಸರವಿಲ್ಲದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಲೆ, ಕೊಟ್ಟಿಗೆ, ಅಡಿಕೆ ಅಂಗಳ. ಗುಡ್ಡ ಹತ್ತುವುದು ಗಂಡಸರ ಕೆಲಸ ಅಂತ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಂದಿರಲಿಲ್ಲ.

ಮರುದಿನ ಹೋದೆವು. ಸೀರೆ ಎತ್ತಿ ಸಿಕ್ಕಿಸಿ, ಅಪ್ಪಯ್ಯನ ಇನ್ನೊಂದು ಅಂಗಿ ಮೇಲೆ ತೊಟ್ಟು, ಕತ್ತಿ ತಾನೇ ಹಿಡಿದಳು. ನಾನು ಇಪ್ಪತ್ತೈದು ನಿಮಿಷದಲ್ಲಿ ಹತ್ತುವ ದಾರಿಗೆ ಒಂದೂವರೆ ತಾಸು ಹಿಡಿಯಿತು. ಸುಸ್ತಿನಿಂದಲ್ಲ. ಹೆಜ್ಜೆಗೊಂದು ಗಿಡ. ಇದು ತಂಬುಳಿಗೆ ಆಗುತ್ತದೆ, ಇದು ಕೆಮ್ಮಿಗೆ, ಈ ಬಳ್ಳಿ ಹೊರೆ ಕಟ್ಟಲು ಗಟ್ಟಿ, ಈ ಉಪ್ಪಾಗೆ ಮರ ಇಲ್ಲಿದೆ ಅಂತ ಯಾಕೆ ಇಷ್ಟು ದಿನ ಹೇಳಲಿಲ್ಲ. ಒಂದು ವರ್ಷ ದಿನಾ ನಡೆದ ದಾರಿ, ಅದರಲ್ಲಿ ನಾನು ನೋಡಿದ್ದು ಪೈಪು ಮತ್ತು ಹಕ್ಕಿ ಮಾತ್ರ ಅಂತ ಆ ದಿನ ಗೊತ್ತಾಯಿತು. ಮೇಲಿನ ಮನೆಯ ಮುಂದೆ ಆಯಿ ಮಾತಿಲ್ಲದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ತುಳಸಿಕಟ್ಟೆಯ ಸುತ್ತಲಿನ ಗಿಡ ನಾಲ್ಕು ಕಡಿದು ಬಂದಳು.

ಒರತೆ ನೋಡಲು ದೊಡ್ಡದೇನಲ್ಲ. ಎರಡು ಬಂಡೆಗಳ ನಡುವೆ, ಬೇರುಗಳ ಕೆಳಗಿನಿಂದ ನೀರು ಒಸರಿ, ಬುಟ್ಟಿಯಷ್ಟು ಹೊಂಡದಲ್ಲಿ ನಿಲ್ಲುತ್ತದೆ. ಹೆಚ್ಚಾದದ್ದು ಕಲ್ಲಿನ ಮೇಲಿಂದ ಹರಿದು ಹಳ್ಳ ಸೇರುತ್ತದೆ, ಹಳ್ಳ ಅಘನಾಶಿನಿಯನ್ನು ಸೇರುತ್ತದೆ. ಅದು ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಎಲ್ಲೂ ಒಂದು ಅಣೆಕಟ್ಟೂ ಸಿಗದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಯಾವ ಪರೀಕ್ಷೆಯನ್ನೂ ಬರೆಯದೆ ಊರು ಬಿಟ್ಟು ಹೋಗುವ ನಮ್ಮೂರಿನ ಏಕೈಕ ಪ್ರಜೆ ಅಂತ ನಾನು ತಮಾಷೆ ಮಾಡಿದೆ. ಆಯಿಗೆ ಕೇಳಿಸಲಿಲ್ಲ. ಅವಳು ಬಗ್ಗಿ ಎರಡೂ ಕೈಯಲ್ಲಿ ನೀರು ಎತ್ತಿ ಕುಡಿದಳು. "ಇಲ್ಲಿ ರುಚಿ ಬೇರೆ ಇದ್ದು" ಎಂದಳು. ಮತ್ತೊಮ್ಮೆ ಕುಡಿದಳು.

ಆಮೇಲಿನ ಹತ್ತು ದಿನ ಪಾಠ. ಬಲೆ ಬಿಚ್ಚಿ ಕಟ್ಟುವುದು ಅವಳಿಗೆ ಒಂದೇ ಸಲಕ್ಕೆ ಬಂತು, ನನಗಿಂತ ಗಟ್ಟಿ ಗಂಟು. ಜಾಯಿಂಟಿಗೆ ಬಿಸಿ ಕೊಡುವುದು ಒಲೆಯ ಮುಂದೆ ಇಪ್ಪತ್ತಾರು ವರ್ಷ ಕೂತವಳಿಗೆ ನಾನು ಹೇಳಿಕೊಡುವ ವಿಷಯವೇ ಆಗಿರಲಿಲ್ಲ. ಗಾಳಿ ಎಳೆಯುವುದು ಮಾತ್ರ ಕಷ್ಟವಾಯಿತು. ಎಳೆದು ಎಳೆದು ನಗು ಬಂದು, ನಕ್ಕು ಉಸಿರು ಬಿಟ್ಟು, ಒಳಗಿದ್ದ ಗಾಳಿಯ ಜೊತೆ ಇನ್ನಷ್ಟು ಗಾಳಿ ಸೇರಿಸುತ್ತಿದ್ದಳು. ಏಳನೇ ದಿನ ನೀರು ಅವಳ ಮುಖಕ್ಕೆ ರಾಚಿತು. ಅಪ್ಪಯ್ಯ ಕೆಳಗೆ ತೊಟ್ಟಿಯ ಹತ್ತಿರ ನಿಂತಿದ್ದವನು ಕೂ ಹಾಕಿದ. ಮನೆಯವರೆಗೆ ನೀರು ಮುಟ್ಟಿದೆ ಅಂತ ಅರ್ಥ. ಆಯಿ ತಿರುಗಿ ಕೂ ಹಾಕಿದಳು. ಅವಳ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಬಹುಶಃ ಅಪ್ಪಯ್ಯನಿಗೂ.

ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಆಯಿಗೆ ಐವತ್ತು ವರ್ಷ. ಜನವರಿಯ ಉಣ್ಣಿ, ಜೂನಿನ ಮಳೆ, ಪಾಚಿಗಟ್ಟಿದ ಕಲ್ಲು ಎಲ್ಲ ಹಾಗೇ ಇವೆ. ಅವಳು ಹತ್ತುವ ದಿನ ಕತ್ತಿಯ ಜೊತೆ ಶಿಳ್ಳೆಯೊಂದನ್ನು ಕೊರಳಿಗೆ ಹಾಕಿಕೊಳ್ಳಬೇಕು, ಒಬ್ಬಳೇ ಮಳೆಯಲ್ಲಿ ಹೋಗಬಾರದು ಅಂತ ಒಪ್ಪಂದ ಆಗಿದೆ. ಎಷ್ಟು ಪಾಲಿಸುತ್ತಾಳೋ ಗೊತ್ತಿಲ್ಲ.

ಈಗ ನಾನಿರುವುದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಕಚೇರಿ ಹತ್ತಿರವೇ ಒಂದು ರೂಮು. ನೋಡಿದಲ್ಲೆಲ್ಲ ಆಕಾಶ, ಕಣ್ಣಿಗೆ ಏನೂ ಅಡ್ಡ ಸಿಗದೆ ಮೊದಲ ವಾರ ತಲೆ ಸುತ್ತಿದಂತಾಗುತ್ತಿತ್ತು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ, ಹೊತ್ತು ಗೊತ್ತು ಇಲ್ಲ. ಕೊಡಗಳ ಸಾಲು ಇಟ್ಟು ಹೆಂಗಸರು ಕಟ್ಟೆಯ ಮೇಲೆ ಕೂತಿರುತ್ತಾರೆ. ಮೊನ್ನೆ ಬೆಳಗಿನ ಜಾವ ನಿದ್ದೆಯಲ್ಲೇ ಸುಸ್ಸ್ ಅಂತ ಕೇಳಿಸಿತು. ಎದ್ದು ಹೊರಗೆ ಬಂದು, "ನೀರು ಬಂತು" ಎಂದೆ. ನಲ್ಲಿಯಿಂದ ಇನ್ನೂ ಹನಿಯೂ ಬಿದ್ದಿರಲಿಲ್ಲ. ಮನೆಯ ಓನರ್ ಅಕ್ಕ ಕಣ್ಣುಜ್ಜುತ್ತ ಬಂದು ನೋಡುವಷ್ಟರಲ್ಲಿ ಗೊರಗೊರ ಅಂದು ನೀರು ಸುರಿಯತೊಡಗಿತು. "ಅಯ್ಯ, ನಿಮಗ ಹೆಂಗ ಗೊತ್ತಾತ್ರಿ?" ಎಂದರು. ಮೊದಲು ಗಾಳಿ ಬರುತ್ತದಲ್ಲ ಅಕ್ಕಾರ, ಎಂದೆ.

ಅದೇ ದಿನ ಸಂಜೆ ಆಯಿಯ ಫೋನು ಬಂತು. ಬಂಡೆಯ ಮೇಲೆ ಗಾಳಿ ಬೀಸುವ ಶಬ್ದ, ಅರ್ಧ ಮಾತು ಹಾರಿಹೋಗುತ್ತಿತ್ತು. ಊಟ ಆಯಿತಾ, ಕಚೇರಿ ಹೇಗಿದೆ, ಚಾದರ ದಪ್ಪದ್ದು ತೆಗೆದುಕೊಂಡೆಯಾ ಅಂತ ಏನೂ ಕೇಳಲಿಲ್ಲ.

"ಇವತ್ತು ಏಡಿ ಇತ್ತೇ ಕೂಸೇ" ಎಂದಳು. "ಪೈಪಿನ ಬಾಯಲ್ಲೇ. ಇಷ್ಟು ದೊಡ್ಡದು."

ಎಷ್ಟು ದೊಡ್ಡದು ಅಂತ ಕೈಯಲ್ಲಿ ತೋರಿಸುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.